ಸೊನ್ನೆಯ ಕೆಳಗೆ

ಮಧುಶ್ರೀ ಲೋಟವನ್ನು ಮೇಜಿನ ಮೇಲೆ ಕುಕ್ಕಿದ ರೀತಿಯಲ್ಲೇ ತನಗೇನೋ ಕಾದಿದೆ ಎಂದು ಈಶ್ವರನಿಗೆ ಅನ್ನಿಸಿತು. ಲೋಟದಲ್ಲಿ ಹಾಲಿತ್ತು. ಕುಡಿಯಲಿ ಎಂದು ತಂದ ಹಾಲಲ್ಲ. ಅವನಿಗೆ ಏನನ್ನಾದರೂ ಕುಡಿಯಲು ಕೊಡುವ ಇರಾದೆ ಅವಳ ಮುಖದಲ್ಲಿ ಯಾವತ್ತೂ ಇರುತ್ತಿರಲಿಲ್ಲ. ಮನೆಯ ಫ್ರಿಜ್ಜಿನಿಂದ ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದಳು, ಡಬ್ಬಿಯ ಹೊರಮೈ ಇನ್ನೂ ಬೆವರುತ್ತಿತ್ತು. ಕೆಳಗೆ ತೋಟಪ್ಪನವರ ಹಿಂಡಿ-ಬೂಸಾ ಅಂಗಡಿಯಲ್ಲಿ ಹಮಾಲರು ಚೀಲ ಇಳಿಸುತ್ತಿದ್ದರು; ಒಂದೊಂದು ಚೀಲ ಬಿದ್ದಾಗಲೂ ಮಹಡಿಯ ಈ ಕೋಣೆಯ ನೆಲ ಸಣ್ಣಗೆ ಅದುರಿ, ಹತ್ತಿಕಾಳು ಹಿಂಡಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಶಿಕಾರಿಪುರದಲ್ಲಿ ಬಾಡಿಗೆಗೆ ಬೇರೆ ಕೋಣೆ ಸಿಗುವುದಿಲ್ಲವೆಂದಲ್ಲ. ತೋಟಪ್ಪನವರು ಈ ತಾಲ್ಲೂಕು, ಪಕ್ಕದ ತಾಲ್ಲೂಕು ಎರಡರ ಹಳ್ಳಿಗಳಲ್ಲೂ ಖಾಸಗಿ ಹಾಲಿನ ಕೇಂದ್ರಗಳನ್ನು ಇಟ್ಟವರು. ಆ ಕೇಂದ್ರಗಳ ಹಾಲು ಪರೀಕ್ಷಿಸುವ ಪ್ರೋಗ್ರಾಮು ಬರೆಯುವವರು ತಮ್ಮ ಕಾಲ ಬುಡದಲ್ಲಲ್ಲದಿದ್ದರೂ ತಲೆಯ ಮೇಲೆಯೇ ಇರಲಿ ಎಂದು ಅವರು ನಗುತ್ತ ಹೇಳಿದ್ದರು. ಆ ನಗೆಗೆ ಈಶ್ವರನೂ ನಕ್ಕಿದ್ದ. ಈಗ ಯಾಕೋ ಅದೆಲ್ಲ ಒಟ್ಟಿಗೆ ನೆನಪಾಗಿ ಅವನಿಗೆ ಮಧುಶ್ರೀಯ ಮೇಲೆ ಸಿಟ್ಟು ಬಂತು.

ಅವಳು ಹಾಲಿನ ಮಾಪಕದ ನಳಿಗೆಯನ್ನು ಲೋಟದೊಳಗೆ ಇಳಿಬಿಟ್ಟಳು. ಮೊದಲು ಅದರ ತಂತಿಯನ್ನು ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿದಳು. ಪರದೆಯ ಮೇಲೆ ಹಸಿರು ಪಟ್ಟಿ ಮೂಡಿತು: ಹಾಲು ಚೆನ್ನಾಗಿದೆ. ಅದೇ ತಂತಿಯನ್ನು ಕಿತ್ತು ಹೊಸ ಪೆಟ್ಟಿಗೆಗೆ ಸಿಕ್ಕಿಸಿದಳು. ಊಟದ ಡಬ್ಬಿಯಷ್ಟೇ ದೊಡ್ಡದಾದ ಪೆಟ್ಟಿಗೆ. ಹೋದ ತಿಂಗಳು ಎಲ್ಲ ಕೇಂದ್ರಗಳಲ್ಲೂ ಹಳೆಯ ಕಂಪ್ಯೂಟರನ್ನು ತೆಗೆದು ಇದನ್ನೇ ಇಟ್ಟಿದ್ದರು. ಪೆಟ್ಟಿಗೆಯ ನೆತ್ತಿಯಲ್ಲಿ ಕೆಂಪು ದೀಪ ಹತ್ತಿತು. ನೀರು ಬೆರೆತಿದೆ.

"ಇನ್ನೊಂದ್ಸಲ ಮಾಡು," ಅಂದ ಈಶ್ವರ.

"ಬೆಳಿಗ್ಗೆಯಿಂದ ಅದನ್ನೇ ಮಾಡ್ತಿದೀನಿ ಸರ್. ಬಿಸಿ ಮಾಡಿದ್ರೆ ಎರಡರಲ್ಲೂ ಹಸಿರು. ತಣ್ಣಗಿದ್ರೆ ಮಾತ್ರ ಹೊಸದ್ರಲ್ಲಿ ಕೆಂಪು. ಇದು ನಮ್ಮನೆ ಎಮ್ಮೆ ಹಾಲು, ನಾನೇ ಕರೆದಿದ್ದು."

ತಣ್ಣಗೆ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಅವನಿಗೆ ಎಲ್ಲ ಗೊತ್ತಾಯಿತು. ಗೊತ್ತಾದದ್ದು ಮುಖದಲ್ಲಿ ಕಾಣದಿರಲಿ ಎಂದು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಇಡೀ ಪ್ರೋಗ್ರಾಮು ಇದ್ದದ್ದು ಪೈಥಾನ್ ಭಾಷೆಯಲ್ಲಿ. ಅದನ್ನು ಮಧುಶ್ರೀ ಮುಟ್ಟುತ್ತಿದ್ದಳು, ತಿದ್ದುತ್ತಿದ್ದಳು. ಆದರೆ ಅದರ ಹೊಟ್ಟೆಯೊಳಗೆ ಸಿ ಭಾಷೆಯಲ್ಲಿ ಬರೆದ ಒಂದು ತುಂಡಿತ್ತು. ಮಾಪಕದ ಜೊತೆ ಮಾತಾಡುವ, ಲೆಕ್ಕ ಹಾಕುವ ಆ ತುಂಡು ಈಶ್ವರನದು, ಅವನೊಬ್ಬನದು. ಪ್ರತಿ ಜಾತಿಯ ಯಂತ್ರಕ್ಕೂ ಅದನ್ನು ಆಯಾ ಯಂತ್ರದ ಕಂಪೈಲರ್, ಆ ಯಂತ್ರಕ್ಕೆ ತಿಳಿಯುವ ಸಂಕೇತವಾಗಿ ಹೊಸದಾಗಿ ಅರೆದು ಕೊಡಬೇಕು. ಹಾಲು ನಿಗದಿತ ಮಟ್ಟಕ್ಕಿಂತ ಎಷ್ಟು ಬಿಸಿ ಅಥವಾ ಎಷ್ಟು ತಣ್ಣಗೆ ಅನ್ನುವುದನ್ನು ಮಾಪಕ ಒಂದು ಸಣ್ಣ ಸಂಖ್ಯೆಯಾಗಿ ಕಳಿಸುತ್ತದೆ. ತಣ್ಣಗಿದ್ದರೆ ಅದು ಸೊನ್ನೆಯ ಕೆಳಗಿನ ಸಂಖ್ಯೆ. ಆ ಸಂಖ್ಯೆಯನ್ನು ಅವನು ಸಿ ಭಾಷೆಯ ಅತಿ ಚಿಕ್ಕ ಪಾತ್ರೆಯಲ್ಲಿ ಹಿಡಿದಿದ್ದ. ಆ ಪಾತ್ರೆಗೆ ಸೊನ್ನೆಯ ಕೆಳಗಿನದು ಹಿಡಿಸುತ್ತದೋ ಇಲ್ಲವೋ ಎಂದು ಭಾಷೆ ಎಲ್ಲೂ ಹೇಳುವುದಿಲ್ಲ, ಕಂಪೈಲರಿನ ಮರ್ಜಿಗೆ ಬಿಟ್ಟಿದೆ. ಹಳೆಯ ಕಂಪ್ಯೂಟರಿನಲ್ಲಿ ಹಿಡಿಸುತ್ತಿತ್ತು. ಹೊಸ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಮೈನಸ್ ನಾಲ್ಕು ಅಲ್ಲಿ ಇನ್ನೂರೈವತ್ತೆರಡಾಗಿ ಕೂರುತ್ತದೆ. ಹಾಲು ಕುದಿಯುತ್ತಿದೆ ಎಂದು ಪೆಟ್ಟಿಗೆ ತಿಳಿಯುತ್ತದೆ. ಅಷ್ಟು ಬಿಸಿ ಹಾಲಿನಲ್ಲಿ ಮಾಪಕ ಹಾಯಿಸುವ ಸದ್ದು ಇಷ್ಟು ನಿಧಾನವಾಗಿ ಸಾಗಬೇಕಾದರೆ ಅದರಲ್ಲಿ ನೀರು ಸೇರಿರಲೇಬೇಕು ಎಂದು ತೀರ್ಮಾನ ಕೊಡುತ್ತದೆ. ಆ ಪಾತ್ರೆಯನ್ನು ಹೆಸರಿಸುವ ಸಾಲಿನ ಮೊದಲಿಗೆ, ಸೊನ್ನೆಯ ಕೆಳಗಿನದೂ ಹಿಡಿಸಬೇಕು ಎನ್ನುವ ಇನ್ನೊಂದೇ ಒಂದು ಪದ ಬರೆದಿದ್ದರೆ ಸಾಕಿತ್ತು, ಯಾವ ಕಂಪೈಲರಿಗೂ ಮರ್ಜಿ ಇರುತ್ತಿರಲಿಲ್ಲ.

"ಕಂಪೈಲರ್ ತಪ್ಪು," ಅಂದ. ಅಂದಮೇಲೆ ಅದು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು. "ಹೊಸ ಪೆಟ್ಟಿಗೆದು ಬೇರೆ ಕಂಪೈಲರ್. ಬೇರೆ ಥರ ಓದ್ತಿದೆ."

"ಕಂಪೈಲರ್ ಹೇಳಿತ್ತು ಸರ್. ಸೊನ್ನೆಗಿಂತ ಕಮ್ಮಿನಾ ಅಂತ ನೋಡೋ ಈ ಹೋಲಿಕೆ ಯಾವಾಗ್ಲೂ ಸುಳ್ಳೇ ಆಗ್ತದೆ, ಒಂದ್ಸಲ ನೋಡಿ ಅಂತ ವಾರ್ನಿಂಗ್ ಕೊಟ್ಟಿತ್ತು. ನಾನು ನಿಮ್ಗೆ ತೋರಿಸ್ದೆ. ನೀವು ಅದರ ಬಾಯಿ ಮುಚ್ಚಿಸು ಅಂದ್ರಿ."

ಅಂದಿದ್ದ. ವಾರ್ನಿಂಗ್‌ಗೆಲ್ಲ ಹೆದರುತ್ತ ಕೂತರೆ ಸಂಸಾರ ಮಾಡೋಕಾಗಲ್ಲ ಎಂದು ತಮಾಷೆಯನ್ನೂ ಸೇರಿಸಿದ್ದ, ತೋಟಪ್ಪನವರ ಎದುರಿಗೆ. ಅವರು ಹೊಟ್ಟೆ ಕುಲುಕಿಸಿ ನಕ್ಕಿದ್ದರು. ಇಪ್ಪತ್ತಾರು ವರ್ಷದ, ಇನ್ನೂ ಮದುವೆಯಾಗದ ಹುಡುಗಿಗೆ ಆ ಮಾತು ತಾಗಲಿ ಎಂದೇ ಆಡಿದ್ದು. ವಾರ್ನಿಂಗುಗಳನ್ನೆಲ್ಲ ಅಡಗಿಸುವ ಆಜ್ಞೆಯನ್ನು ಅವಳ ಕೈಯಿಂದಲೇ ಬರೆಸಿದ್ದ. ಆವತ್ತು ಆ ಸಾಲನ್ನು ಪೂರ್ತಿ ಓದಿರಲಿಲ್ಲ ಎಂದು ಈಗ ಹೇಳಬಹುದಿತ್ತು; ಆದರೆ ಓದಿದ್ದ. ಓದಿ, ಅವಳು ಹಿಡಿದ ತಪ್ಪು ನಿಜವಿರಬಹುದು ಎಂದು ಒಂದು ಕ್ಷಣ ಹೊಳೆದು, ಆ ಹೊಳೆದದ್ದಕ್ಕೇ ರೇಗಿದ್ದ. ಪಾಲಿಟೆಕ್ನಿಕ್ಕಿನಲ್ಲಿ ಅವನು ಪಾಠ ಮಾಡುತ್ತಿದ್ದಾಗ ಇವಳು ಎರಡನೇ ಬೆಂಚಿನಲ್ಲಿ ಕೂರುತ್ತಿದ್ದಳು, ಪ್ರಶ್ನೆ ಕೇಳದವಳು, ಬರೀ ನೋಡುವವಳು.

"ಕ್ಲಾಸಲ್ಲಿ ನೀವೇ ಬರೆಸಿದ್ರಿ," ಅಂದಳು ಮಧುಶ್ರೀ. "ಆ ಪಾತ್ರೆಗೆ ಮೈನಸ್ ನೂರಿಪ್ಪತ್ತೆಂಟರಿಂದ ನೂರಿಪ್ಪತ್ತೇಳರ ತನಕ ಹಿಡಿಸ್ತದೆ ಅಂತ. ಎಲ್ಲಾ ಯಂತ್ರದಲ್ಲೂ ಹಾಗೇನಾ ಅಂತ ಕೇಳ್ಬೇಕು ಅನ್ನಿಸಿತ್ತು. ಕೇಳಿದೋರನ್ನ ನೋಡಿ ಎಲ್ಲಾ ನಗೋ ಹಾಗೆ ಮಾಡ್ತಿದ್ರಿ ನೀವು."

ಅಷ್ಟರಲ್ಲಿ ತೋಟಪ್ಪ ಮೆಟ್ಟಿಲು ಹತ್ತಿ ಬಂದರು. ಹಣೆಯ ವಿಭೂತಿ ಬೆವರಿಗೆ ಕದಡಿತ್ತು. ಮೇಜಿನ ಮೇಲಿನ ಹಾಲು, ಎರಡು ಯಂತ್ರ, ಇಬ್ಬರ ಮುಖ ಮೂರನ್ನೂ ನೋಡಿ ಬಾಗಿಲಲ್ಲೇ ನಿಂತರು.

"ಏನಾತ್ರೀ ಈಶ್ವರ್?"

"ಏನಿಲ್ಲ ಸಾಹುಕಾರ್ರೇ. ಹೊಸ ಪೆಟ್ಟಿಗೆ ತಣ್ಣನೆ ಹಾಲನ್ನ ಸರಿಯಾಗಿ ಓದ್ತಿಲ್ಲ. ಕಂಪೈಲರ್ ವ್ಯತ್ಯಾಸ. ನೀರಿಲ್ದಿದ್ರೂ ನೀರು ಅಂತದೆ."

"ಅಂದ್ರ ಪೂಜಿ ದಿನ ಕೆಂಪು ದೀಪ ಹತ್ತಿತ್ತಲ್ಲ, ಆ ಹೊಸಬಾಳೆ ಊರಿನ ಹೆಣ್ಮಗಳದ್ದು..."

"ಅದೂ ಇರಬಹುದು."

ತೋಟಪ್ಪ ಹೊಸ ಪೆಟ್ಟಿಗೆಯ ಕಡೆ ಕಣ್ಣು ನೆಟ್ಟರು. ಅವರು ಲೆಕ್ಕ ಹಾಕುತ್ತಿದ್ದದ್ದು ಪಾಪವನ್ನಲ್ಲ. "ಹೊಸ ಪೆಟ್ಟಿಗಿ ಕೆಲಸ ಮಾಡಿದೋರು ಯಾರು?"

ಪೆಟ್ಟಿಗೆಗೆ ಪ್ರೋಗ್ರಾಮನ್ನು ಹೊಂದಿಸಿದವಳು ಮಧುಶ್ರೀಯೇ. ಪ್ರಶ್ನೆಗೆ ಅದು ನಿಜವಾದ ಉತ್ತರವೇ. ಈಶ್ವರ ಕನ್ನಡಕ ಹಾಕಿಕೊಂಡು ಅವಳ ಕಡೆ ನೋಡಿದ, ಅಷ್ಟೇ. ತೋಟಪ್ಪನವರೂ ಅವಳ ಕಡೆ ನೋಡಿದರು.

"ನೋಡವ್ವ, ಕಲಿಯೋ ಕಾಲಕ್ಕ ತಪ್ಪಾಗ್ತಾವ. ಸುಮ್ನ ರಿಪೇರಿ ಮಾಡ್ಕಂಡು ಬಂದುಬಿಡು. ಯಾರ ಮುಂದೂ ಬಾಯಿ ಬಿಡಬ್ಯಾಡ. ಮಿಷನ್ ತಪ್ಪು ಹೇಳ್ತಂತ ಒಬ್ಬನ ಕಿವಿಗೆ ಬಿದ್ರ, ನಾಳಿ ನೀರು ಹಾಕಿದೋನೂ ಮಿಷನ್ ತಪ್ಪು ಅಂತಾನ."

ಅವರು ಇಳಿದು ಹೋದಮೇಲೆ ಮಧುಶ್ರೀ ಅಳಬಹುದು, ಕೂಗಾಡಬಹುದು ಎಂದು ಅವನು ಕಾದ. ಅವಳು ಲೋಟದ ಹಾಲನ್ನು ಡಬ್ಬಿಗೆ ಸುರಿದು ಮುಚ್ಚಳ ಒತ್ತಿದಳು. "ಆ ಹೊಸಬಾಳೆ ಹೆಣ್ಮಗಳ ಹೆಸರು ತೃಪ್ತಿ," ಅಂದಳು. "ಮೊನ್ನೆ ತಂತಿ ಬದಲಾಯಿಸೋಕೆ ಹೋದಾಗ ಕೇಳ್ದೆ. ನೀರು ಹಾಕ್ತಾಳೆ ಅಂತ ಅತ್ತೆ ಜಗಳ ತೆಗೆದು, ಗಂಡ ತವರಿಗೆ ಬಸ್ಸು ಹತ್ತಿಸಿದಾನಂತೆ. ನಾನೀಗ ಅವಳ ಅತ್ತೆಗೆ ಹೇಳೋಕೆ ಹೋಗ್ತಿದೀನಿ. ನೀವು ಬರ್ತೀರೋ, ಇಲ್ಲಾ ನಾನೇ ಎಲ್ಲಾ ಹೇಳ್ಲೋ?"

ಅದರಲ್ಲಿದ್ದ ಬೆದರಿಕೆ ಅವನಿಗೆ ಅರ್ಥವಾಯಿತು. ಅವನ ಬೈಕು ಗ್ಯಾರೇಜಿನಲ್ಲಿದ್ದುದರಿಂದ ಅವಳ ಸ್ಕೂಟಿಯ ಹಿಂದೆ ಕೂರಬೇಕಾಯಿತು. ಬಸ್‌ಸ್ಟ್ಯಾಂಡಿನ ಮುಂದೆ ಪರಿಚಯದ ಯಾರೋ ಕೈಯೆತ್ತಿದಂತಾಯಿತು, ಅವನು ಬೇಕೆಂದೇ ಇನ್ನೊಂದು ಕಡೆ ತಿರುಗಿದ. ಶಿರಾಳಕೊಪ್ಪ ದಾಟಿತು. ಜೋಳದ ಹೊಲಗಳು ಮುಗಿದು ರಸ್ತೆಯ ಎರಡೂ ಕಡೆ ಮರಗಳು ಒತ್ತುತ್ತ ಬಂದಂತೆ ಗಾಳಿ ತಣ್ಣಗಾಯಿತು. ಆ ತಣ್ಣಗೆಯೂ ತನ್ನನ್ನು ಹಂಗಿಸುತ್ತಿದೆ ಅನ್ನಿಸಿತು. ಅವಳ ಹೆಲ್ಮೆಟ್ಟಿನ ಹಿಂಭಾಗದಲ್ಲಿ ಅವನ ಮುಖ ಚಪ್ಪಟೆಯಾಗಿ ಕಾಣುತ್ತಿತ್ತು. ಈ ಹುಡುಗಿಗೆ ಏನು ಬೇಕು? ನ್ಯಾಯವೋ, ಅಥವಾ ತಾನು ಹಳ್ಳಿಯ ಹೆಂಗಸರೆದುರು ತಲೆ ತಗ್ಗಿಸುವುದನ್ನು ನೋಡುವ ಚಟವೋ? ಹೋದ ತಿಂಗಳು ಹೊಸಬಾಳೆಯ ಕೇಂದ್ರದಲ್ಲಿ ಹೊಸ ಪೆಟ್ಟಿಗೆ ಇಟ್ಟ ದಿನ ಅದಕ್ಕೆ ಕುಂಕುಮ ಹಚ್ಚಿ, ತೋಟಪ್ಪ ಕಾಯಿ ಒಡೆದು, ಬಂದವರಿಗೆಲ್ಲ ಮಂಡಕ್ಕಿ ಹಂಚಿದ್ದರು. ಕೇಂದ್ರದ ಮುಂದೆ ಕ್ಯಾನು ಹಿಡಿದವರ ಸಾಲು. ನೀಲಿ ಸ್ವೆಟರಿನ ಒಬ್ಬ ಹೆಂಗಸು ಹಾಲು ಸುರಿದಳು, ಕೆಂಪು ದೀಪ ಹತ್ತಿತು. ಏನವ್ವಾ, ಮೊದಲ್ನೇ ದಿನಾನ ನೀರಾ ಎಂದರು ತೋಟಪ್ಪ. ಇಲ್ಲ, ನಾನು ಹಾಕಿಲ್ಲ, ಸರ್, ನೀವು ಮಿಷನ್ ಒಂದ್ಸಲ ನೋಡಿ, ಎಂದು ಅವಳು ತೋಟಪ್ಪನವರನ್ನು ಬಿಟ್ಟು ಇವನ ಕಡೆ ತಿರುಗಿದಳು. ಓದಿದವನಂತೆ ಕಂಡದ್ದಕ್ಕೆ ತಿರುಗಿದಳು. ಮಿಷನ್‌ಗೆ ನಿನ್ನ ಮೇಲೆ ಏನಮ್ಮಾ ದ್ವೇಷ, ಅದು ಸುಳ್ಳು ಹೇಳಲ್ಲ, ಎಂದ ಈಶ್ವರ. ಸಾಲಿಗೆ ಸಾಲೇ ನಕ್ಕಿತು. ಆ ನಗೆ ಅವನಿಗೆ ಹಿತವಾಗಿತ್ತು. ಬಾಯಿಯಲ್ಲಿ ಮಂಡಕ್ಕಿ ಇತ್ತು, ಖಾರವಾಗಿ ಚೆನ್ನಾಗಿತ್ತು. ಅವಳು ಕ್ಯಾನಿನ ಮುಚ್ಚಳ ಹಾಕಲು ಹೋಗಿ, ಅದು ಕೂರದೆ, ತಿರುಗಿಸಿ ತಿರುಗಿಸಿ ಕೊನೆಗೆ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿದ್ದಳು.

"ಇಳೀರಿ," ಅಂದಳು ಮಧುಶ್ರೀ.

ತೃಪ್ತಿಯ ಅತ್ತೆ ಹುಚ್ಚಮ್ಮನ ಮನೆ ಹೊಸಬಾಳೆಯ ಊರೊಳಗಿನದಲ್ಲ. ಹೊಲಗಳ ಆಚೆ ಒಂಟಿಯಾಗಿ ನಿಂತದ್ದು. ಇಲ್ಲಿಂದ ಕೇಂದ್ರಕ್ಕೆ ಹಾಲು ಹೊತ್ತು ನಡೆದರೆ ದಾರಿಯಲ್ಲೇ ಆರುತ್ತದೆ ಎಂದು ಅವನ ತಲೆ ತಾನಾಗಿ ಲೆಕ್ಕ ಹಾಕಿತು. ಅಂಗಳದ ಮೂಲೆಯಲ್ಲಿ ಎಮ್ಮೆಗೆ ನೀರು ಕುಡಿಸುವ ಕಲ್ಲುತೊಟ್ಟಿ. ಹುಚ್ಚಮ್ಮ ಸಗಣಿ ಬಾಚುತ್ತಿದ್ದಳು, ಬಂದವರನ್ನು ನೋಡಿಯೂ ಬಾಚುವುದನ್ನು ನಿಲ್ಲಿಸಲಿಲ್ಲ.

"ಎಂತ ಬಂದಿದ್ದು?"

"ಹಾಲಿನ ಕೇಂದ್ರದಿಂದ ಬಂದಿದೀವಿ ಅಮ್ಮಾ," ಅಂದ ಈಶ್ವರ. "ಮಿಷನ್ ತಪ್ಪು ಓದ್ತಿತ್ತು. ನಿಮ್ಮ ಹಾಲಲ್ಲಿ ನೀರಿರ್ಲಿಲ್ಲ."

"ಇತ್ತು."

ಅವಳಿಗೆ ಕಿವಿ ಸರಿಯಾಗಿ ಕೇಳುವುದಿಲ್ಲವೇನೋ ಎಂದು ಅವನು ಗಟ್ಟಿಯಾಗಿ ಹೇಳಿದ. ಹುಚ್ಚಮ್ಮ ಸೊಂಟ ನೆಟ್ಟಗೆ ಮಾಡಿ ನಿಂತಳು. "ಕೂಗ್ಬೇಡ, ಕಿವುಡಿಯಲ್ಲ ನಾನು. ಇತ್ತು ಅಂದೆ. ಆ ತೊಟ್ಟಿ ಹತ್ರ ಕ್ಯಾನಿಟ್ಕಂಡು ಬಗ್ಗಿದ್ದನ್ನ ನಾ ಕಣ್ಣಾರೆ ಕಂಡಿದೀನಿ. ದಿನಾ ಬೆಳಿಗ್ಗೆ ಅಲ್ಲೇ. ಅದ್ಯಾಕೆ ಅಲ್ಲಿ ನಿಲ್ತಾಳೆ ಅಂತ ನಂಗೆ ಮೊದ್ಲು ಗೊತ್ತಾಗಿರ್ಲಿಲ್ಲ. ಮಿಷನ್ ಹೇಳಿದ್ಮೇಲೆ ಗೊತ್ತಾಯ್ತು."

"ಹಾಲು ಕೆಡಬಾರ್ದು ಅಂತ ಕ್ಯಾನನ್ನ ತಣ್ಣೀರಲ್ಲಿ ಇಡ್ತಿದ್ರು ಅಮ್ಮಾ, ಎಷ್ಟೋ ಮನೇಲಿ ಹಾಗೆ ಇಡ್ತಾರೆ," ಅಂದಳು ಮಧುಶ್ರೀ. "ಹಾಲು ತಣ್ಣಗಾಗಿದ್ದಕ್ಕೇ ಮಿಷನ್‌ಗೆ ಗೊತ್ತಾಗ್ಲಿಲ್ಲ."

"ನೀನ್ಯಾರೇ ಹೇಳೋಕೆ? ಅವಳ ಕಡೆಯವಳಾ? ಊರಿನೆದುರಿಗೆ ಹೇಳಿದೀನಿ ನಾನು, ನನ್ನ ಸೊಸೆ ಕಳ್ಳಿ ಅಂತ. ಹೊಸ್ತಿಲಲ್ಲಿ ನಿಂತು ಅವಳಪ್ಪನ ಹೆಸರು ಎತ್ತಿದೀನಿ. ಈಗ ಬಂದು ಇರ್ಲಿಲ್ಲ ಅಂತೀರಿ." ಅವಳು ಈಶ್ವರನ ಮುಖವನ್ನು ದಿಟ್ಟಿಸಿದಳು, ದಿಟ್ಟಿಸುತ್ತ ಅವಳ ಕಣ್ಣು ಕಿರಿದಾದವು. "ಮಂಡಕ್ಕಿ ತಿಂತಾ ಮಿಷನ್ ಸುಳ್ಳು ಹೇಳಲ್ಲ ಅಂದೋನು ನೀನೇ ಅಲ್ವನಾ? ಸಾಲಲ್ಲಿ ನಾನೂ ಇದ್ದೆ. ಅವತ್ತು ಇದ್ದ ಬಾಯಿ ಯಾರಿಗೆ ಕೊಟ್ಟೆ?"

ಸಗಣಿಯ ಕೈಯನ್ನು ಅವಳು ಅವನತ್ತ ಚಾಚಿದ್ದಳು, ಅವನು ತನಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಿದ್ದ. ಈ ಮುದುಕಿಗೆ ನೀರು ಇರಲೇಬೇಕು. ಹಾಲಿನಲ್ಲಿ ನೀರಿಲ್ಲವೆಂದರೆ ತನ್ನ ನಾಲಿಗೆಯಲ್ಲಿ ಏನಿತ್ತೆಂದು ಅವಳು ಹುಡುಕಬೇಕಾಗುತ್ತದೆ. ಅದು ಹೊಳೆದಾಗ ಅವಳ ಮೇಲೆ ಅವನಿಗೆ ಕರುಣೆಯೇನೂ ಹುಟ್ಟಲಿಲ್ಲ. ಹುಟ್ಟಿದ್ದು ಒಂದು ಬಗೆಯ ಅಸಹ್ಯ, ಕನ್ನಡಿಯಲ್ಲಿ ತನ್ನದೇ ಹಲ್ಲು ನೋಡಿದಾಗ ಆಗುವಂಥದು. ಕೊಟ್ಟಿಗೆಯೊಳಗೆ ಎಮ್ಮೆಯ ಕರು ಒಂದೇ ಸಮನೆ ಕೂಗುತ್ತಿತ್ತು. ಹುಚ್ಚಮ್ಮ ಅದಕ್ಕೂ ಬೈದಳು.

ಇಲ್ಲಿಗೆ ಮುಗಿಯಿತು, ತಾನು ಹೇಳುವುದನ್ನು ಹೇಳಿಯಾಯಿತು ಎಂದು ಅವನು ಅಂದುಕೊಂಡಿದ್ದ. ಮಧುಶ್ರೀ ಶಿಕಾರಿಪುರದ ಕಡೆ ತಿರುಗಿಸದೆ ತೃಪ್ತಿಯ ತವರೂರು ಚಂದ್ರಗುತ್ತಿಯ ದಾರಿ ಹಿಡಿದಳು. ಕೇಳಲಿಲ್ಲ, ಹೇಳಲೂ ಇಲ್ಲ. ಹಿಂದೆ ಕೂತವನ ಮಾತಿಗೆ ಬೆಲೆಯಿಲ್ಲವೆಂದು ಅವನಿಗೂ ಗೊತ್ತಿತ್ತು.

ತೃಪ್ತಿಯ ಅಣ್ಣನಿಗೆ ಗುಡ್ಡದ ಬುಡದಲ್ಲಿ ಒಂದು ಸಣ್ಣ ಹೋಟೆಲು. ದೇವಸ್ಥಾನಕ್ಕೆ ಬಂದು ಹೋಗುವವರು ಚಹಾ, ಮಿರ್ಚಿಗೆಂದು ನಿಲ್ಲುವ ಜಾಗ. ಅವಳು ಹಿತ್ತಲಲ್ಲಿ ಲೋಟ ತೊಳೆಯುತ್ತಿದ್ದಳು. ಅವನನ್ನು ಕಂಡ ಕೂಡಲೇ ಗುರುತು ಹಿಡಿದಳು; ಎದ್ದು ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು, ಕೂರಿ ಅನ್ನಲಿಲ್ಲ. ಈಶ್ವರ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳನ್ನು ಹೇಳಿದ. ಯಂತ್ರ ಬದಲಾದಾಗ ಒಂದು ಸಂಖ್ಯೆ ತಲೆಕೆಳಗಾದದ್ದು, ತಣ್ಣಗಿದ್ದ ಹಾಲನ್ನು ಪೆಟ್ಟಿಗೆ ಕುದಿಯುವ ಹಾಲೆಂದು ತಿಳಿದದ್ದು, ಹೀಗಾಗಿ ಇಲ್ಲದ ನೀರು ಕಂಡದ್ದು. ಪಾಠ ಮಾಡುವ ಅಭ್ಯಾಸದಿಂದ ಅವನ ದನಿ ತಾನಾಗಿ ನಯವಾಯಿತು, ಕೈ ಗಾಳಿಯಲ್ಲಿ ಅಂಕಿ ಬರೆಯಿತು. ಕೊನೆಗೆ, "ನೀವು ನೀರು ಹಾಕಿರ್ಲಿಲ್ಲ," ಎಂದು ಮುಗಿಸಿ, ಒಂದು ಬಹುಮಾನ ಕೊಟ್ಟವನ ಹಾಗೆ ಅವಳ ಮುಖ ನೋಡಿದ.

"ಇದನ್ನ ನಂಗ್ಯಾಕೆ ಹೇಳೋಕೆ ಬಂದ್ರಿ?" ಅಂದಳು ತೃಪ್ತಿ. "ನಾನು ಹಾಕಿಲ್ಲ ಅಂತ ನಂಗೆ ಗೊತ್ತಿಲ್ವಾ?"

ಒಳಗೆ ಎಣ್ಣೆಗೆ ಏನೋ ಬಿದ್ದು ಚುರ್ರೆಂದಿತು. ಮಧುಶ್ರೀ ನೆಲ ನೋಡುತ್ತಿದ್ದಳು.

"ತಪ್ಪು ಯಾರದು ಅಂತ..." ಅಂದ ಈಶ್ವರ. "ತಪ್ಪು ಪೆಟ್ಟಿಗೆದಲ್ಲ. ಲೆಕ್ಕ ಬರ್ದಿದ್ದು ನಾನು. ಇವಳು ಹೇಳಿದ್ಲು ಹೀಗಾಗ್ತದೆ ಅಂತ, ನಾನು ಕೇಳ್ಲಿಲ್ಲ."

ಇಷ್ಟು ಹೊತ್ತು ಒಳಗೆ ಒತ್ತಿಕೊಂಡಿದ್ದು ಹೊರಬಂದಾಗ ಭೂಮಿ ಬಿರಿಯುತ್ತದೆಂದು ಅವನು ಎಣಿಸಿದ್ದ. ತೃಪ್ತಿ ಬಗ್ಗಿ ಒಂದು ಲೋಟ ಎತ್ತಿಕೊಂಡಳು.

"ಯಾರದ್ದಾದ್ರೂ ಆಗ್ಲಿ. ಗೊತ್ತಿಲ್ದಿರೋರಿಗೆ ಹೋಗಿ ಹೇಳಿ ಸರ್. ಆವತ್ತು ಎಷ್ಟು ಜನ ನಗಾಡಿದ್ರೋ ಅಷ್ಟು ಜನಾನೂ ಬೆಳಿಗ್ಗೆ ಕೇಂದ್ರದ ಮುಂದೆ ನಿಂತಿರ್ತಾರೆ. ಇಲ್ಲಿ ಈ ಹಿತ್ತಲಲ್ಲಿ ಹೇಳಿದ್ರೆ ನಿಮ್ಗೆ ಹಗುರ ಆಗ್ಬೋದು, ನಂಗೆಂತ ಆಗ್ತದೆ?"

"ಅವರು ತಿಳ್ಕೊಂಡ್ರೆ ನೀವು ವಾಪಸ್ ಹೋಗ್ತೀರಾ?" ಎಂದು ಕೇಳಿದ.

"ಅದು ನಿಮ್ಗೆ ಬೇಡದ ಮಾತು." ಅವಳು ಮಧುಶ್ರೀಯ ಕಡೆ ತಿರುಗಿದಳು, ಮೊದಲ ಸಲ ದನಿ ಮೆದುವಾಯಿತು. "ಮನೆ ಹತ್ರ ಹೋಗಿದ್ರೇನಕ್ಕಾ? ಕರು ಕಂಡ್ರಾ? ಅದು ನನ್ನ ಕೈಲಿ ಬಿಟ್ರೆ ಬೇರೆಯೋರ ಕೈಲಿ ಹುಲ್ಲು ಮುಟ್ತಿರ್ಲಿಲ್ಲ."

"ಕೂಗ್ತಿತ್ತು," ಅಂದಳು ಮಧುಶ್ರೀ.

ತೃಪ್ತಿ ಮತ್ತೆ ಕುಕ್ಕರಗಾಲಲ್ಲಿ ಕೂತು ಲೋಟ ತೊಳೆಯತೊಡಗಿದಳು. ಅವರು ಹೊರಡುವ ತನಕ ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಈಶ್ವರ ಮೊದಲ ಬಸ್ಸಿಗೆ ಒಬ್ಬನೇ ಹೊಸಬಾಳೆಗೆ ಹೋದ. ಮಧುಶ್ರೀ ಅವನಿಗಿಂತ ಮೊದಲೇ ಬಂದು, ಕೇಂದ್ರದೊಳಗೆ ಪೆಟ್ಟಿಗೆಯನ್ನು ಬಿಚ್ಚಿಕೊಂಡು ಕೂತಿದ್ದಳು. ತಿದ್ದಿದ ಸಾಲನ್ನು ಅವನು ಹಿಂದಿನ ಸಂಜೆಯೇ ಅವಳಿಗೆ ಕಳಿಸಿದ್ದ. ಒಂದೇ ಪದ, ಕಳಿಸುವಾಗ ಬೆರಳು ನಾಚಿತ್ತು. ಮಂಜು ಇನ್ನೂ ಕರಗಿರಲಿಲ್ಲ. ಸಾಲಿನಲ್ಲಿದ್ದವರು ಕಿವಿಗೆ ಟವೆಲು ಸುತ್ತಿಕೊಂಡು, ಕ್ಯಾನುಗಳನ್ನು ಕಾಲ ಮುಂದಿಟ್ಟುಕೊಂಡು ಬಾಯಿಯಿಂದ ಹೊಗೆ ಬಿಡುತ್ತ ನಿಂತಿದ್ದರು. ಹುಚ್ಚಮ್ಮನೂ ಇದ್ದಳು. ಇವರ ಹಾಲು ಬಿಸಿಯಿದೆ, ಇವರದು ಆರಿದೆ ಎಂದು ಅವನು ಕ್ಯಾನುಗಳನ್ನು ನೋಡಿಯೇ ಅಂದಾಜು ಮಾಡುತ್ತಿದ್ದ. ಮನುಷ್ಯರ ಮುಖ ನೋಡುವುದನ್ನು ಎಷ್ಟಾಗುತ್ತದೋ ಅಷ್ಟು ಮುಂದೂಡುತ್ತಿದ್ದ. ಎಲ್ಲರೂ ಕೆಳಗಿದ್ದು ತಾನು ಮೆಟ್ಟಿಲ ಮೇಲೆ ನಿಂತರೆ ಭಾಷಣವಾಗುತ್ತದೆ ಅನ್ನಿಸಿ ಇಳಿದ. ಇಳಿದ ಮೇಲೆ ಹಿಂದಿನವರಿಗೆ ಕಾಣಲಿಲ್ಲ. ಮತ್ತೆ ಹತ್ತಿದ. ಯಾರೋ ನಕ್ಕರು.

"ಈ ಹೊಸ ಪೆಟ್ಟಿಗೆಯ ಕಂಪೈಲರ್..." ಎಂದು ಶುರು ಮಾಡಿ ನಿಲ್ಲಿಸಿದ. ಆ ಪದ ಬಾಯಲ್ಲಿರುವ ತನಕ ತಾನು ಅದರ ಹಿಂದೆ ಅಡಗಿರಬಹುದು ಎಂದು ಅವನಿಗೆ ಗೊತ್ತಿತ್ತು. ಅಲ್ಲಿ ಬೆಚ್ಚಗಿತ್ತು, ಯಾರ ಕೈಗೂ ಸಿಗದ ಜಾಗ. ಒಳಗಿನಿಂದ ಮಧುಶ್ರೀ ಸ್ಕ್ರೂಡ್ರೈವರ್ ಹಿಡಿದು ನೋಡುತ್ತಿದ್ದಳು.

"ತೃಪ್ತಿ ಹಾಲಿಗೆ ನೀರು ಹಾಕಿಲ್ಲ," ಅಂದ. "ಲೆಕ್ಕ ಬರೆದಿದ್ದು ನಾನು. ತಪ್ಪು ಬರ್ದಿದ್ದೆ. ತಪ್ಪಾಗಬಹುದು ಅಂತ ಈ ಮಧುಶ್ರೀ ಮುಂಚೆನೇ ಹೇಳಿದ್ಲು, ನಾನು ಸುಮ್ನಿರು ಅಂದೆ. ಆಮೇಲೆ ಇಲ್ಲೇ ನಿಂತು, ನಿಮ್ಮೆದುರಿಗೆ, ಮಿಷನ್ ಸುಳ್ಳು ಹೇಳಲ್ಲ ಅಂತ ಅವರನ್ನ ಆಡ್ಕೊಂಡೆ. ನೀವೂ ನಕ್ಕಿದ್ರಿ."

ಕೊನೆಯ ಮಾತು ಬೇಡವಾಗಿತ್ತು. ಅದನ್ನು ಯಾಕೆ ಸೇರಿಸಿದೆನೆಂದು ಅವನು ಯೋಚಿಸುವ ಮೊದಲೇ ಸಾಲು ಮುರಿಯಿತು. ಹಾಗಾದ್ರೆ ನಮ್ಮ ಹಾಲು ವಾಪಸ್ ಕಳ್ಸಿದ್ದು ಎಂದು ಒಬ್ಬ, ಓದಿದವರ ಹಣೆಬರಹವೇ ಇಷ್ಟು ಎಂದು ಇನ್ನೊಬ್ಬ. ಹಾಲು ಅಳೆಯುವವನು ಮೂಲೆಗೆ ಹೋಗಿ ತೋಟಪ್ಪನವರಿಗೆ ಫೋನು ಹಚ್ಚಿದ್ದ. ಕೂಗುತ್ತಿದ್ದವರ ನಡುವಿನಿಂದ ಹುಚ್ಚಮ್ಮ ಮೆಟ್ಟಿಲ ತನಕ ಬಂದಳು. ಅವಳು ಕೂಗಲಿಲ್ಲ. ಅವನೊಬ್ಬನಿಗೆ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದಳು.

"ಮತ್ತೆ ನಾ ಕಂಡಿದ್ದು?"

ಅದು ಜಗಳವಲ್ಲ, ನಿಜವಾದ ಪ್ರಶ್ನೆ. ಅವಳಿಗೆ ಉತ್ತರ ಬೇಕಾಗಿತ್ತು. ಅವನು ಏನಾದರೂ ಬೇರೆ ಹೇಳಿ ಅವಳನ್ನು ಉಳಿಸಬಹುದಿತ್ತು.

"ಹಾಲು ತಣ್ಣಗೆ ಮಾಡ್ತಿದ್ರು ಅಮ್ಮಾ. ಅಷ್ಟೇ ನೀವು ಕಂಡಿದ್ದು."

ಅವಳು ಅವನ ಕೆನ್ನೆಗೆ ಹೊಡೆದಳು. ಮುದಿ ಕೈ, ಆದರೂ ಕನ್ನಡಕ ಹಾರಿ ಮೆಟ್ಟಿಲ ಕೆಳಗೆ ಬಿತ್ತು. ಹುಚ್ಚಮ್ಮ ತನ್ನ ಕ್ಯಾನಿದ್ದ ಜಾಗಕ್ಕೆ ಹಿಂತಿರುಗಿದಳು. ಹೊಡೆದ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಳು. ಮುಂದೆ ಹೋಗಿ ಹಾಲು ಸುರಿಯಲೂ ಇಲ್ಲ, ಕ್ಯಾನೆತ್ತಿ ಮನೆಗೆ ಹೋಗಲೂ ಇಲ್ಲ. ಸ್ವಲ್ಪ ಹೊತ್ತಿಗೆ ಸಾಲು ಅವಳನ್ನು ಬಳಸಿಕೊಂಡು ಸಾಗತೊಡಗಿತು.

ಹಾಲು ಅಳೆಯುವವನು ಫೋನನ್ನು ಈಶ್ವರನ ಕಿವಿಗೆ ಹಿಡಿದ. "ಏನು ದೊಡ್ಡ ಸತ್ಯಹರಿಶ್ಚಂದ್ರ ಆಗಾಕ ಹೊಂಟೀಯೇನು?" ತೋಟಪ್ಪ ಬಹುವಚನ ಬಿಟ್ಟಿದ್ದರು. "ನನ್ನ ಮೆಟ್ಟಿಲು ಇನ್ನ ಹತ್ತಬ್ಯಾಡ. ಉಳದಿದ್ದ ಪೆಟ್ಟಿಗಿ ಆ ಹುಡುಗಿ ನೋಡ್ಕಂತಾಳ." ಈಶ್ವರ ಸರಿ ಅಂದ. ಕನ್ನಡಕದ ಒಂದು ಗಾಜು ಬಿರುಕು ಬಿಟ್ಟಿತ್ತು. ಹಾಕಿಕೊಂಡಾಗ ಊರು ಎರಡು ತುಂಡಾಗಿ ಕಂಡಿತು. ಕೆನ್ನೆ ಉರಿಯುತ್ತಿತ್ತು. ಆ ಉರಿ ಅವನಿಗೆ ಹಿತವಾಗಿತ್ತು. ಹೊಡೆತ ಬಿತ್ತು, ಕೆಲಸ ಹೋಯಿತು, ಇನ್ನು ಯಾರಿಗೂ ತಾನು ಏನೂ ಕೊಡಬೇಕಾಗಿಲ್ಲ ಎಂಬಂಥ ಖಾಲಿ ನೆಮ್ಮದಿ ಎದೆಯಲ್ಲಿ ಹರಡುತ್ತಿತ್ತು. ಬಸ್ಸಿಗೆ ಕಾಯಲು ರಸ್ತೆಯ ಕಡೆ ನಡೆದ. ಹಿಂದಿನಿಂದ ಸ್ಕೂಟಿ ಬಂದು ಪಕ್ಕದಲ್ಲಿ ನಿಂತಿತು.

"ಎಲ್ಲಿಗೆ ಸರ್?"

"ಮನೆಗೆ. ಹೇಳಾಯ್ತಲ್ಲ."

"ಒಂದು ಊರಲ್ಲಿ." ಮಧುಶ್ರೀ ಹೆಲ್ಮೆಟ್ ತೆಗೆಯಲಿಲ್ಲ. "ಇದೇ ಪೆಟ್ಟಿಗೆ ಎಲ್ಲಾ ಕೇಂದ್ರದಲ್ಲೂ ಕೂತಿದೆ. ಎಲ್ಲಾ ಕಡೆನೂ ಚಳಿ ಇದೆ. ನಾನು ರಿಪೇರಿ ಮಾಡ್ಕೊಂಡು ಹೋಗ್ತೀನಿ, ನಾಳೆಯಿಂದ ಹಸಿರು ಬರ್ತದೆ. ಇಷ್ಟು ದಿನ ಕೆಂಪು ಬಂದೋರಿಗೆ ಯಾರು ಹೇಳ್ತಾರೆ? ಒಂದು ಏಟು ತಿಂದ್ರೆ 'ಮುಗೀತು' ಅಂದ್ಕೊಂಡ್ರಾ?"

ಅವನಿಗೆ ಅವಳನ್ನು ಕೆಳಗೆ ಕೆಡವಬೇಕೆನ್ನಿಸಿತು. ಇವಳನ್ನು ಯಾವತ್ತೂ ಕ್ಷಮಿಸಲಾರೆ ಅನ್ನಿಸಿತು, ಕ್ಷಮಿಸಲು ಅವಳು ಮಾಡಿದ ತಪ್ಪಾದರೂ ಯಾವುದು ಎಂದು ಹುಡುಕಿದ, ಸಿಗಲಿಲ್ಲ. ದೂರದಲ್ಲಿ ಬಸ್ಸಿನ ಸದ್ದು ಕೇಳುತ್ತಿತ್ತು. ಬಸ್ಸು ಬಂತು, ನಿಂತಿತು, ಕಂಡಕ್ಟರು ಬರ್ತೀರೇನ್ರೀ ಎಂದು ಕೂಗಿ, ಬೈದುಕೊಂಡು ಬಾಗಿಲು ಹಾಕಿದ. ಧೂಳು ಅಡಗಿದ ಮೇಲೆ ಈಶ್ವರ ಸ್ಕೂಟಿಯ ಹಿಂದೆ ಕೂತ.

ಸಂಜೆಯ ಹೊತ್ತಿಗೆ ಅವರು ತೊಗರ್ಸಿಯಲ್ಲಿದ್ದರು. ನಡುವೆ ಎರಡು ಊರು ಮುಗಿಸಿ ಬಂದಿದ್ದರು. ಒಂದರಲ್ಲಿ ಯಾರೂ ಏನೂ ಅನ್ನದೆ ಅವನನ್ನು ನೋಡುತ್ತ ನಿಂತಿದ್ದರು, ಇನ್ನೊಂದರಲ್ಲಿ ಅವನ ಮಾತು ಮುಗಿಯುವ ಮೊದಲೇ ಹೊರಗೆ ದಬ್ಬಿದ್ದರು. ಇಲ್ಲಿನ ಕೇಂದ್ರ ಹಳೆಯ ಗೋದಾಮು. ತಗಡಿನ ಚಾವಣಿಯ ಕೆಳಗೆ ಕ್ಯಾನುಗಳ ಸದ್ದು ದೊಡ್ಡದಾಗಿ ಕೇಳುತ್ತಿತ್ತು. ಸಾಲಿನಲ್ಲಿದ್ದವರು ತಮ್ಮ ತಮ್ಮಲ್ಲಿ ಗೋವಿನಜೋಳದ ಮಾತಾಡುತ್ತ, ಒಬ್ಬರನ್ನೊಬ್ಬರು ತಳ್ಳುತ್ತ, ನಗುತ್ತ ನಿಂತಿದ್ದರು. ಯಾರೂ ಯಾರ ಮೇಲೂ ಸಿಟ್ಟಾದಂತೆ ಕಾಣಲಿಲ್ಲ. ಇಲ್ಲಿ ಏನೂ ಆಗಿಲ್ಲದಿರಬಹುದು ಎಂದು ಅವನಿಗೆ ಆಸೆ ಹುಟ್ಟಿತು. ಬಿರುಕಿನ ಕನ್ನಡಕ ಸರಿಮಾಡಿಕೊಂಡು, ಯಾರ ಮುಖವನ್ನೂ ಗುರಿಯಿಟ್ಟು ನೋಡದೆ, ಗಂಟಲು ಸರಿಪಡಿಸಿಕೊಂಡ.

"ನಿಮ್ಮಲ್ಲಿ ಯಾರದ್ದಾದ್ರೂ ಹಾಲಲ್ಲಿ ನೀರಿದೆ ಅಂತ..." ಅಂದ.

ಸಾಲಿನ ಕೊನೆಯಲ್ಲಿ, ಉಳಿದವರಿಂದ ನಾಲ್ಕು ಮಾರು ದೂರ ಒಬ್ಬನೇ ನಿಂತಿದ್ದ ಮನುಷ್ಯನೊಬ್ಬ ಮೆಲ್ಲಗೆ ತಲೆ ಎತ್ತಿದ.